ರಿಜಿಸ್ಟರ್ಡ್ ಆಫೀಸಿನ ರಂಗಪ್ಪನವರು

೨೦೦೪ನೇ ಇಸವಿ. ವಿಜಯನಗರದಲ್ಲಿ ನಾನು ವಕೀಲಿಕೆ ಮಾಡುತ್ತಿದ್ದ ಕಾಲ. ದೊಡ್ಡ ಕೇಸುಗಳೇನೂ ಇರಲಿಲ್ಲ. ಸಣ್ಣ ಕಂಪನಿಗಳ ತಾಪತ್ರಯವೇ ಹೆಚ್ಚು. ಪ್ರತಿ ಕಂಪನಿಗೂ ಒಂದು ರಿಜಿಸ್ಟರ್ಡ್ ಆಫೀಸ್ ಇರಬೇಕು. ಕೋರ್ಟಿನ ಸಮನ್ಸ್ ಅಲ್ಲಿಗೆ ತಲುಪಿದರೆ ಕಂಪನಿಗೆ ತಲುಪಿದಂತೆಯೇ. ನಮ್ಮವರು ಮಾಡುವುದೇನು? ಮನೆ ವಿಳಾಸ ಕೊಟ್ಟು, ಗೇಟಿಗೊಂದು ಬೋರ್ಡು ಹೊಡೆದು ಮರೆತುಬಿಡುತ್ತಾರೆ. ಎಷ್ಟು ಬೈದರೂ ಅಷ್ಟೇ.

ಮಂಜುನಾಥ ಅಂಥವನೇ. ಹೆಗ್ಗನಹಳ್ಳಿಯ ಬಾಡಿಗೆ ಶೆಡ್ಡಿನಲ್ಲಿ ಲೇತ್ ಮಷೀನುಗಳು, ಒಂಬತ್ತು ಜನ ಕೆಲಸಗಾರರು. ಬೋರ್ಡು ಮಾತ್ರ ಆರ್‌ಪಿಸಿ ಲೇಔಟಿನ ಮನೆಗೆ. ಗಿರಣಿ ಕೆಲಸದಿಂದ ನಿವೃತ್ತರಾಗಿದ್ದ ಅವನ ತಂದೆ ರಂಗಪ್ಪನವರು ದಿನವೂ ಇಸ್ತ್ರಿ ಷರಟು ತೊಟ್ಟು ಗೇಟಿನ ಬಳಿ ಕೂತು, ಕಂಪನಿಯ ಟಪಾಲು ತೆಗೆದುಕೊಳ್ಳುತ್ತಿದ್ದರು. ವಿಳಾಸ ಬದಲಿಸೋ ಎಂದರೆ, “ಅಪ್ಪಂಗೆ ಅದೇ ಡ್ಯೂಟಿ ಸಾರ್, ಇರ್ಲಿ ಬಿಡಿ” ಎನ್ನುತ್ತಿದ್ದ.

ಆ ವರ್ಷ ಶೆಡ್ಡಿನ ಮಾಲೀಕರು, ಜಾಗ ಖಾಲಿ ಮಾಡಿಸಿಕೊಡಿ ಎಂದು ದಾವೆ ಹೂಡಿದರು. ಸಮನ್ಸ್ ತಲುಪಿಸುವ ಅಮೀನ ಮನೆಗೆ ಬಂದ. ರಂಗಪ್ಪನವರು ಸೈನ್ ಮಾಡಿ ತೆಗೆದುಕೊಂಡರು. ಮಗನಿಗೆ ಕೊಡಲು ಮರೆತರು. ಕಂಪನಿಯ ಪರ ಯಾರೂ ಹೋಗದೆ ಏಕಪಕ್ಷೀಯ ತೀರ್ಪಾಯಿತು. ಶೆಡ್ ಖಾಲಿ ಮಾಡಿಸಲು ಜನ ಬಂದಾಗಲೇ ಮಂಜುನಾಥನಿಗೆ ಗೊತ್ತಾದದ್ದು. ಸಮನ್ಸ್ ತಂದೆಯ ಹಾಸಿಗೆಯ ಕೆಳಗಿತ್ತು.

ತೀರ್ಪು ರದ್ದಾಗಬೇಕಾದರೆ, ತಂದೆಗೆ ಮರೆವಿನ ಕಾಯಿಲೆಯೆಂದು ಅಫಿಡವಿಟ್ ಹಾಕಬೇಕಿತ್ತು. ಮನೆಯವರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಆಡದಿದ್ದ ಮಾತು ಅದು.

“ಶೆಡ್ ಹೋದ್ರೆ ಹೋಗ್ಲಿ ಸಾರ್. ಅಪ್ಪಂಗೆ ತಲೆ ನೆಟ್ಟಗಿಲ್ಲ ಅಂತ ನಾನು ಬರೆಯಲ್ಲ” ಎಂದ ಮಂಜುನಾಥ.

ನನಗೆ ರೇಗಿಹೋಯಿತು. “ಒಂಬತ್ತು ಮನೆ ಒಲೆ ಆರುತ್ತೆ ಕಣೋ!”

ಮಾರನೆಯ ದಿನ ಸೊಸೆಯ ಕೈ ಹಿಡಿದು ರಂಗಪ್ಪನವರೇ ನನ್ನ ಆಫೀಸಿಗೆ ಬಂದರು. “ಬರ್ಕೊಳಿ ಸ್ವಾಮಿ, ನಂಗೆ ಮರೆವು. ಕಾಗದ ಮಗನಿಗೆ ಕೊಟ್ಟೆ ಅಂತ್ಲೇ ಅಂದ್ಕೊಂಡಿದ್ದೆ.” ಜಡ್ಜರ ಮುಂದೆಯೂ ಅವರು ಅಷ್ಟನ್ನೇ ಹೇಳಿದರು. ತೀರ್ಪು ರದ್ದಾಗಿ, ಕೇಸು ಮತ್ತೆ ನಡೆದು, ಶೆಡ್ ಉಳಿಯಿತು.

ಮತ್ತೆ ಎಡವಟ್ಟು ಆಗಬಾರದೆಂದು ರಿಜಿಸ್ಟರ್ಡ್ ಆಫೀಸನ್ನು ಶೆಡ್ಡಿಗೆ ಬದಲಿಸಿ, ಗೇಟಿನ ಬೋರ್ಡು ತೆಗೆಸಿದೆವು. ಕಾನೂನಿನ ಪ್ರಕಾರ ಸರಿಯಾದ ಕೆಲಸ.

ಕೆಲವು ತಿಂಗಳಾದ ಮೇಲೆ ಅವರ ಮನೆಗೆ ಹೋಗಿದ್ದೆ. ರಂಗಪ್ಪನವರು ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ನನ್ನ ಗುರುತು ಸಿಗಲಿಲ್ಲ. ನನ್ನ ಕೈಯಲ್ಲಿದ್ದ ಫೈಲು ನೋಡಿ, “ಕಂಪನಿ ಇಲ್ಲಿಲ್ಲ ಸ್ವಾಮಿ. ನನ್ನ ಕೆಲಸದಿಂದ ತೆಗೆದ್ಬಿಟ್ರು” ಎಂದರು.

ಅಲ್ಲಿಂದಾಚೆಗೆ, ಯಾರೇ ವಿಳಾಸ ಬದಲಿಸಲು ಬಂದರೂ, ಹಳೆಯ ವಿಳಾಸದಲ್ಲಿ ಟಪಾಲು ತೆಗೆದುಕೊಳ್ಳುತ್ತಿದ್ದವರು ಯಾರು, ಅವರು ಇನ್ನು ಮುಂದೆ ಏನು ಮಾಡುತ್ತಾರೆ ಎಂದು ಮೊದಲು ಕೇಳುತ್ತಿದ್ದೆ.