ದಿನಕ್ಕೆ ಅರ್ಧ ಸೆಕೆಂಡು

ಒಂದು ದಿನಕ್ಕೆ ಅರ್ಧ ಸೆಕೆಂಡು. ಖಾಲಿ ಜಾಗದಲ್ಲಿ ನಾನು ತುಂಬಿದ ಅಂಕಿ ಅದು. ಒತ್ತಿದೊಡನೆ ಕಪ್ಪು ಪರದೆಯ ನಡುವೆ ಸಾಸಿವೆ ಕಾಳಿನಷ್ಟು ಬೆಳಕೊಂದು ಹುಟ್ಟಿತು. ಅದರಿಂದ ಒಂದು ಎಳೆ ಹೊರಟಿತು, ಎಳೆಯ ತುದಿಯಲ್ಲಿ ಇನ್ನೊಂದು ಕಾಳು.

ನೀವು ಇಂಥದ್ದನ್ನು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ಸಾಫ್ಟ್‌ವೇರ್ ಬರೆಯುವವರು ಪ್ರತಿ ಸಲ ಬದಲಾವಣೆ ಉಳಿಸಿದಾಗಲೂ ಯಾರು, ಯಾವಾಗ, ಯಾವ ಫೈಲು ಎಂಬ ಒಂದು ಸಾಲು ತಾನಾಗಿ ದಾಖಲಾಗುತ್ತದೆ. ಆ ಸಾಲುಗಳನ್ನೆಲ್ಲ ಓದಿ, ಕೆಲಸದ ಚರಿತ್ರೆಯನ್ನು ಬೆಳೆಯುವ ಮರದಂತೆ ತೋರಿಸುವ ಒಂದು ಸಲಕರಣೆಯಿದೆ. ಫೋಲ್ಡರುಗಳು ಕೊಂಬೆ, ಫೈಲುಗಳು ಎಲೆ. ಕೆಲಸ ಮಾಡಿದವರು ಪುಟ್ಟ ಬೊಂಬೆಗಳಾಗಿ ಮರದ ಸುತ್ತ ತೇಲುತ್ತ, ತಾವು ಮುಟ್ಟಿದ ಎಲೆಯ ಮೇಲೆ ಬೆಳಕು ಚೆಲ್ಲುತ್ತಾರೆ. ಅದನ್ನು ಹಾಸನದ ನಮ್ಮ ಆಫೀಸಿನ ಕಂಪ್ಯೂಟರಿಗೆ ಹೊಂದಿಸುವುದರಲ್ಲಿ ನನ್ನ ಒಂದು ಬೆಳಗು ಪೂರ್ತಿ ಹೋಯಿತು. ಪರದೆ ಬಹಳ ಹೊತ್ತು ಕಪ್ಪಾಗಿಯೇ ಉಳಿದಿತ್ತು. ಯಂತ್ರವನ್ನು ಬೈದುಕೊಂಡೆ. ಆಮೇಲೆ ನೋಡಿದರೆ ನಾನೇ ಬೇರೊಂದು ಫೋಲ್ಡರಿನಲ್ಲಿ ನಿಂತು ಅದನ್ನು ಕರೆಯುತ್ತಿದ್ದೆ. ಕರಾರುವಾಕ್ಕು ಎಂಬ ಜಂಬ ನನಗೆ ಸ್ವಲ್ಪ ಇದೆ. ಇಂಥ ಬೆಳಗುಗಳು ಅದನ್ನು ಇಳಿಸುತ್ತವೆ.

ನಮ್ಮದೇನು ದೊಡ್ಡ ಸಾಫ್ಟ್‌ವೇರಲ್ಲ. ಹಸುವಿನ ಕಿವಿಗೆ ಹಾಕುವ ಹಳದಿ ಓಲೆಯ ಸಂಖ್ಯೆ ಒತ್ತಿದರೆ, ಅದಕ್ಕೆ ಲಸಿಕೆ ಯಾವಾಗ ಹಾಕಿದ್ದು, ಮತ್ತೆ ಯಾವಾಗ ಹಾಕಬೇಕು ಎಂದು ಹೇಳುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ನಾಲ್ಕು ಫೋಲ್ಡರು. ನಾಲ್ಕೂ ಕೊಂಬೆಗಳು ಅವರೆ ಬಳ್ಳಿಯ ಹಾಗೆ ಒಂದನ್ನೊಂದು ತಡವುತ್ತ ಮೇಲೇರಿದವು. ಒಂದು ಇಡೀ ಮಳೆಗಾಲ ಒಂದು ನಿಮಿಷದಲ್ಲಿ ಕಳೆದುಹೋಯಿತು. ನಿದ್ದೆಗಣ್ಣಿನಲ್ಲಿ ಯಾರೋ ನನ್ನ ವಯಸ್ಸನ್ನು ಬಿಡಿಸಿ ತೋರಿಸುತ್ತಿರುವಂತಿತ್ತು.

ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು. ಆಫೀಸು ಅವರದು. ಕಾಲೇಜಿನ ಪಾಠ ಬಿಟ್ಟಮೇಲೂ ಸೀಮೆಸುಣ್ಣ ಹಿಡಿದಂತೆ ಬೆರಳು ಮಡಿಸಿಯೇ ಮಾತಾಡುವವರು.

"ಏನಮ್ಮ, ಎಲ್ಲಾ ಕಡೆ ನೀನೇ ಓಡಾಡ್ತಿದೀಯ! ಮದುವೆ ಮನೇಲಿ ಸೋದರತ್ತೆ ಓಡಾಡ್ದಂಗೆ."

ನಕ್ಕೆ. ನಗುವಾಗಲೇ ಗಮನಿಸಿದೆ: ಮರದ ಸುತ್ತ ಇದ್ದದ್ದು ಒಂದೇ ಬೊಂಬೆ. ಅದರಡಿಗೆ ನನ್ನ ಹೆಸರು.

"ಗಿರಿಜಾ ಕಾಣ್ತಾನೇ ಇಲ್ವಲ್ಲ," ಎಂದರು ಮೇಷ್ಟ್ರು. "ಈ ಸಾಫ್ಟ್‌ವೇರಿನ ಮುಂದಿನ ಹಂತ ನಾನೇ ನಡೆಸ್ತೀನಿ, ಮತ್ತೆ ಸೇರಿಸ್ಕೊಳ್ಳಿ ಅಂತ ಕಾಗದ ಬರ್ದಿದಾಳೆ. ಮೊದಲಿನ ಕೆಲಸ ಬಹಳಷ್ಟು ತನ್ನದೇ ಅಂತಾಳೆ. ಇದನ್ನ ನೋಡಿದ್ರೆ ಆ ಜಾಗ ನಿಂದೇ. ನಾಳೆ ಬೆಳಿಗ್ಗೆ ತೀರ್ಮಾನ ಹೇಳ್ಬಿಡ್ತೀನಿ."

ನಾನು ಏನೂ ಹೇಳಲಿಲ್ಲ. ಆ ಜಾಗ ನನಗೂ ಬೇಕಾಗಿತ್ತು. ನಾನು ಮಿತಭಾಷಿಯೆಂದು ಎಲ್ಲರೂ ಹೊಗಳುತ್ತಾರೆ. ಆ ಗುಣ ಎಷ್ಟು ಅನುಕೂಲದ್ದೆಂದು ಅವರಿಗೆ ಗೊತ್ತಿಲ್ಲ.

ಗಿರಿಜಕ್ಕ ಮಲ್ಲಿಪಟ್ಟಣದವರು. ಬೆಳಗಿನ ಹಾಲು ಕರೆದಿಟ್ಟು, ಮೊದಲ ಬಸ್ಸು ಹಿಡಿದು, ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಹಾಸನಕ್ಕೆ ಬರುತ್ತಿದ್ದರು. ಆಫೀಸಿನಲ್ಲಿ ಆಗ ಇದ್ದದ್ದು ಒಂದೇ ಕಂಪ್ಯೂಟರು. ಬೆಳಿಗ್ಗೆಯಿಂದ ಎರಡು ಗಂಟೆಯವರೆಗೆ ಅವರದು, ಆಮೇಲೆ ನನ್ನದು. ನಾನಿನ್ನೂ ಎಂ.ಎಸ್ಸಿ. ಓದುತ್ತಿದ್ದೆ, ತರಗತಿ ಮುಗಿಸಿ ಒಂದೂವರೆಗೇ ಬಂದು ಕೂರುತ್ತಿದ್ದೆ. ಮೇಷ್ಟ್ರು ಆಗ ಕಾಲೇಜಿನಲ್ಲಿದ್ದರು, ಅವರ ಮುಖ ಕಾಣುತ್ತಿದ್ದುದು ಸಂಜೆ ಮಾತ್ರ. ಯಂತ್ರವನ್ನು ಮೊದಲು ಹೊಂದಿಸಿದವಳು ನಾನಾದ್ದರಿಂದ ಅದರಲ್ಲಿ ನನ್ನ ಹೆಸರಿತ್ತು, ಯಾರು ಉಳಿಸಿದರೂ ಅದೇ ದಾಖಲಾಗುತ್ತಿತ್ತು. ದಿನಕ್ಕೆರಡು ಸಲ ಹೆಸರು ಬದಲಿಸುವ ಗೊಡವೆ ಯಾರಿಗೂ ಬೇಡವಾಗಿತ್ತು.

"ನಿಮ್ಮ ಹೆಸರೂ ಹಾಕೋಣ ಅಕ್ಕ," ಎಂದು ಒಮ್ಮೆ ಹೇಳಿದ್ದೆ.

"ಬುಡಮ್ಮಿ. ಆಲು ಯಾರ್ ಕರುದ್ರು ಅಂತ ಕ್ಯಾನಿಗೆ ಗೊತ್ತಾ?"

ನಾನು ಬಿಟ್ಟೆ. ಬಲು ಸುಲಭವಾಗಿ ಬಿಟ್ಟೆ.

ಒಂದೂವರೆಯಿಂದ ಎರಡರವರೆಗಿನ ಅರ್ಧ ಗಂಟೆ ನಮ್ಮಿಬ್ಬರದು. ಒಂದು ಕುರ್ಚಿ, ಒಂದು ಸ್ಟೂಲು, ನಡುವೆ ಅಕ್ಕಿರೊಟ್ಟಿಯ ಡಬ್ಬಿ. ಹುಚ್ಚೆಳ್ಳು ಚಟ್ನಿಯ ಕೈ ಕೀಲಿಮಣೆಗೆ ತಾಗಬಾರದೆಂದು ಅವರು ಬಾಯಲ್ಲಿ ಹೇಳುವರು, ನಾನು ಒತ್ತುವೆ. ಪ್ರೋಗ್ರಾಮು ಪರೀಕ್ಷಿಸಲು ಸುಳ್ಳು ಹಸುಗಳು ಬೇಕಲ್ಲ, ನಾನು ಹಸು ಒಂದು, ಹಸು ಎರಡು ಎಂದು ಬರೆದಿದ್ದೆ. ಗಿರಿಜಕ್ಕನಿಗೆ ನಗು ತಡೆಯಲಾಗಲಿಲ್ಲ.

"ಅಸ ಅಂದ್ಮೇಲೆ ಎಸ್ರು ಬ್ಯಾಡ್ವೇನಮ್ಮಿ? ಬರಿ, ಗೌರಿ. ಕೊಂಬು ಮುರ್ಕಂಡಿರೋಳು ಕೆಂಪಿ. ಇನ್ನೊಂದವಳೆ, ಒದಿಯೋಳು. ಅವಳ್ಗೆ ನಿನ್ನೆಸ್ರೇ ಇಡಾನ."

ಎರಡಾಗುತ್ತಲೇ ಎದ್ದು ಓಡುವರು. ಸಂಜೆಯ ಹಾಲು ಕಾಯುವುದಿಲ್ಲ. ನನ್ನ ಓದು ಮುಗಿದು ನಾನು ದಿನವಿಡೀ ಬರತೊಡಗಿದಾಗ ಆ ಒಂದೇ ಕುರ್ಚಿ ನನ್ನದಾಯಿತು. ಗಿರಿಜಕ್ಕ ಅರಕಲಗೂಡಿನ ಒಂದು ಶಾಲೆಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದರು. ಯಾರೂ ಯಾರನ್ನೂ ಹೊರಗೆ ಕಳಿಸಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ.

ಮೇಷ್ಟ್ರು ಊಟಕ್ಕೆ ಹೋದ ಮೇಲೆ ದಾಖಲಾದ ಸಾಲುಗಳನ್ನೆಲ್ಲ ಒಂದು ಪಟ್ಟಿಯಾಗಿ ಇಳಿಸಿಕೊಂಡೆ. ಸಲಕರಣೆಗೆ ಅಂಥ ಪಟ್ಟಿ ಕೊಟ್ಟರೂ ಸಾಕು, ಮರ ಬೆಳೆಸುತ್ತದೆ. ಗಿರಿಜಕ್ಕ ಬಿಟ್ಟ ದಿನದವರೆಗೆ, ಒಂದೂವರೆಗಿಂತ ಮೊದಲಿನ ಸಾಲುಗಳಲ್ಲೆಲ್ಲ ನನ್ನ ಹೆಸರು ತೆಗೆದು ಅವರ ಹೆಸರು ಹಾಕಿದೆ. ಹಾಕುತ್ತ ಹೋದಂತೆ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. 'ಬಸ್ಸಿಗೆ ಒತ್ತಾಯ್ತು, ಉಳ್ದಿದ್ ನಾಳಿಕೆ' ಎಂದು ಉಳಿಸುವಾಗ ಸಾಲಿನ ಪಕ್ಕ ಟಿಪ್ಪಣಿ ಬರೆಯುವವರು ಇನ್ನಾರಿದ್ದಾರೆ? ಮೊದಲ ವರ್ಷಗಳ ಮುಕ್ಕಾಲು ಪಾಲು ಮರ ಅವರದಾಯಿತು. ಎರಡರ ನಂತರದ್ದು ನನ್ನದೇ. ತೀರ್ಮಾನವಾಗದೆ ಉಳಿದದ್ದು ಆ ಅರ್ಧ ಗಂಟೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಮಾಡಿದೆ.

"ಅಕ್ಕ, ಒಂದೂವರೆಯಿಂದ ಎರಡರವರೆಗಿನ ಕೆಲಸ ಯಾರದ್ದು ಅಂತ ಬರೀಲಿ?"

"ನಾನೇಳ್ತಿದ್ದೆ, ನೀನ್ ಒತ್ತಿದ್ದೆ. ಅದ್ನೆಂಗ್ ಪಾಲ್ ಮಾಡೀಯೆ? ರೊಟ್ಟಿ ಯೇನ್ ತೂಕ ಆಕ್ಕಂಡ್ ತಿಂತಿದ್ವಾ?" ಆಮೇಲೆ ದನಿ ತಗ್ಗಿಸಿ, "ಕಾಗ್ದ ಬರ್ದಿದ್ದೆ ಕಣಮ್ಮಿ. ಮೇಷ್ಟ್ರು ಏನಾರ ಅಂದ್ರಾ? ನಂದು ಅನ್ನೋಕೆ ಒಂದ್ ಗುರ್ತೂ ಇಲ್ವಲ್ಲ."

"ನಾಳೆ ಹೇಳ್ತಾರಂತೆ," ಎಂದೆ. ಅಷ್ಟೇ ಎಂದೆ.

ಆ ಅರ್ಧ ಗಂಟೆಯ ಸಾಲುಗಳನ್ನು ಎರಡೆರಡು ಸಲ ಬರೆದೆ, ಒಮ್ಮೆ ಅವರ ಹೆಸರಿಗೆ, ಒಮ್ಮೆ ನನ್ನ ಹೆಸರಿಗೆ. ಮತ್ತೆ ಓಡಿಸಿದೆ. ದಿನಕ್ಕೆ ಅರ್ಧ ಸೆಕೆಂಡಿನಲ್ಲಿ ಅರ್ಧ ಗಂಟೆಯೆಂದರೆ ಸೆಕೆಂಡಿನ ನೂರನೆಯ ಒಂದು ಪಾಲು, ಕಣ್ಣಿಗೆ ನಿಲ್ಲುವುದಿಲ್ಲ. ದಿನಕ್ಕೆ ನಲವತ್ತೆಂಟು ಸೆಕೆಂಡು ಕೊಟ್ಟೆ. ಈಗ ನಮ್ಮ ಪಾಲಿಗೆ ಒಂದು ಪೂರ್ತಿ ಸೆಕೆಂಡು ಬಂತು. ಅರಕಲಗೂಡಿನ ಕೊಂಬೆಯ ಬಳಿ ಒಂದು ಬೊಂಬೆ ಒಂಟಿಯಾಗಿ ಎಲೆ ಮೂಡಿಸುತ್ತಿತ್ತು. ಇನ್ನೊಂದು ತೇಲಿ ಬಂದು ಪಕ್ಕದಲ್ಲಿ ನಿಂತಿತು. ಒಂದೇ ಎಲೆಯ ಮೇಲೆ ಎರಡು ಕಡೆಯಿಂದ ಬೆಳಕು ಬಿತ್ತು. ಮೊದಲಿನದು ಮೆಲ್ಲಗೆ ಮಾಸಿ ಹೋಯಿತು. ಆ ಒಂದು ಸೆಕೆಂಡನ್ನು ಎಷ್ಟು ಸಲ ನೋಡಿದೆನೋ, ಲೆಕ್ಕವಿಡಲಿಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟ್ರನ್ನು ಕೂರಿಸಿ ಹೊಸ ಮರ ತೋರಿಸಿದೆ. ಸಾಲುಗಳನ್ನು ಹೇಗೆ ಬೇರ್ಪಡಿಸಿದೆ ಎಂಬುದನ್ನೂ, ಎಷ್ಟು ವರ್ಷ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಹಂಗಾದ್ರೆ ಆ ಜಾಗ?" ಎಂದರು.

ಗಿರಿಜಕ್ಕನ ನಂಬರು ಒತ್ತಿ, ರಿಂಗಾಗುತ್ತಿದ್ದ ಫೋನನ್ನು ಅವರ ಕೈಗೆ ಕೊಟ್ಟೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.