ವೈನಿಗೆ ನಾನು ಹೇಳಿದ ಸಿನಿಮಾ

ನಿನ್ನೆ ಬೆಳಿಗ್ಗೆ ವೈನಿಯ ಫೋನು ಬಂದಾಗ ನಾನು ಹಾವೇರಿಯ ನನ್ನ ಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿ, ಘಾಟಿಗೆ ಕೆಮ್ಮುತ್ತ ನಿಂತಿದ್ದೆ. ವೈನಿಯೆಂದರೆ ನನ್ನ ಅಣ್ಣನ ಹೆಂಡತಿ, ಬ್ಯಾಡಗಿಯ ನನ್ನ ತವರುಮನೆಯಲ್ಲಿ ಇರುತ್ತಾಳೆ.

"ಮಧ್ಯಾಹ್ನ ಎರಡಕ್ಕ ಟೀವ್ಯಾಗ ನಮ್ಮ ಸಿನಿಮಾ ಐತಿ. ಆವತ್ತು ರಾಣೇಬೆನ್ನೂರಾಗ ನೀ ನೋಡಿದ್ದಿಯಲ್ಲ, ಅದು. ನಾ ಒಮ್ಮೀನೂ ನೋಡಿಲ್ಲ. ಲಗೂ ಬಾ, ಕೂಡಿ ನೋಡೂಣು" ಎಂದಳು.

ನನ್ನ ಕೆಮ್ಮು ನಿಂತೇ ಹೋಯಿತು. ಮೂವತ್ತು ವರ್ಷಗಳ ಹಿಂದೆ ಆ ಸಿನಿಮಾದ ಬಗ್ಗೆ ನಾನು ಆಕೆಗೆ ಒಂದು ಸುಳ್ಳು ಹೇಳಿದ್ದೆ. ಅದೀಗ ಜಾಹೀರಾತುಗಳ ಸಮೇತ ಬಯಲಾಗುವುದರಲ್ಲಿತ್ತು. ಒಲೆ ಆರಿಸಿ ಬಸ್ ಸ್ಟ್ಯಾಂಡಿಗೆ ನಡೆದೆ.

ಹಳೆಯ ಸಿನಿಮಾ ನೋಡಿದವರಾದರೆ ನಿಮಗೂ ಗೊತ್ತಿರುತ್ತದೆ. ಹೆಂಗಸು ಬಾಯಿಗೆ ಸೆರಗು ಹಿಡಿದು ಬಚ್ಚಲಿಗೆ ಓಡಿದಳೆಂದರೆ ಬಸುರಿ. ಡಾಕ್ಟರು ಬರೀ ಕೈ ಹಿಡಿದು ನೋಡಿ ಹೇಳಿಬಿಡುತ್ತಾರೆ. ನಾನು ಇದನ್ನು ವೇದವಾಕ್ಯವೆಂದು ನಂಬಿದ್ದೆ. ವೈನಿ ಗುತ್ತಲದಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮೂರಿನ ಮೆಣಸಿನಕಾಯಿ ಘಾಟಿಗೆ ಒಮ್ಮೆ ವಾಂತಿ ಮಾಡಿಕೊಂಡಳು. ನಾನು ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಹಂಚಿ ಬಂದೆ. ಘಾಟಿಗೆ ವಾಂತಿ ಮಾಡಿದವರೆಲ್ಲ ಬಸುರಿಯರಾಗಿದ್ದರೆ ಬ್ಯಾಡಗಿಯಲ್ಲಿ ತೊಟ್ಟಿಲು ಕಟ್ಟಲು ತೊಲೆ ಸಾಲುತ್ತಿರಲಿಲ್ಲ ಎನ್ನುವುದು ಆಮೇಲೆ ಅವ್ವ ಕಿವಿ ಹಿಂಡಿದಾಗ ಹೊಳೆಯಿತು. ಇನ್ನು ಬೇಡದ ಬಸಿರಿಗೆ ಸಿನಿಮಾದವರು ತೋರಿಸುತ್ತಿದ್ದದ್ದು ಬಾವಿ, ಇಲ್ಲವೇ ಜಾರುವ ಮೆಟ್ಟಿಲು, ಇಲ್ಲವೇ ಕನ್ನಡಕ ತೆಗೆದು ಬೈಯುವ ಡಾಕ್ಟರು.

ನಿಜವಾಗಿ ಆ ಹೊತ್ತು ಬಂದಾಗ ವೈನಿ ವಾಂತಿ ಮಾಡಲೇ ಇಲ್ಲ. ಎರಡನೆಯ ಕೂಸಿಗೆ ಆಗ ಎಂಟು ತಿಂಗಳು. ಆ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಆಕೆ ಉಳಿದದ್ದೇ ಹೆಚ್ಚು. ಅಷ್ಟರಲ್ಲಿ ಮತ್ತೆ ಮುಟ್ಟು ನಿಂತಿತು. ರಾಣೇಬೆನ್ನೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇನ್ನೂ ಮೊದಲ ವಾರಗಳೇ, ತೆಗೆಸಬಹುದು ಎಂದರು. ಅಣ್ಣ ಒಪ್ಪಿದ. ಅವ್ವನಿಗೆ ಹೇಳುವ ಧೈರ್ಯ ಮಾತ್ರ ಗಂಡಹೆಂಡಿರಿಬ್ಬರಿಗೂ ಇರಲಿಲ್ಲ. ಹಾಗಾಗಿ ಕೂಸುಗಳನ್ನು ಅವ್ವನ ಹತ್ತಿರ ಬಿಟ್ಟು, ಸಿನಿಮಾಕ್ಕೆ ಹೋಗುತ್ತೇವೆಂದು ಹೇಳಿ ನಾವು ಮೂವರೂ ಹೊರಟೆವು.

ಇದರಲ್ಲಿ ಒಂದು ತೊಡಕಿತ್ತು. ನಮ್ಮ ಮನೆಯಲ್ಲಿ ಸಿನಿಮಾ ನೋಡಿ ಬಂದವರು ಉಳಿದವರಿಗೆ ಪೂರ್ತಿ ಕಥೆ ಹೇಳಲೇಬೇಕು. ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೇಳುವವಳು. ಹಾಡು ಎಲ್ಲಿ ಬಂತು, ನಾಯಕಿ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಎಲ್ಲವೂ ಬೇಕು ಅವಳಿಗೆ. ಅಂದಮೇಲೆ ಯಾರಾದರೊಬ್ಬರು ಸಿನಿಮಾ ನೋಡಲೇಬೇಕಲ್ಲ? ಅಣ್ಣ ವೈನಿ ಆಸ್ಪತ್ರೆಗೆ ಹೋದರು, ಹದಿನೇಳರ ನಾನು ಟಾಕೀಸಿಗೆ ಹೋದೆ.

ಗ್ರಹಚಾರ ನೋಡಿ, ಆ ಸಿನಿಮಾದ ನಾಯಕಿಗೂ ಬೇಡದ ಬಸಿರು. ಅವಳೂ ಯಾರಿಗೂ ಹೇಳದೆ ತೆಗೆಸಲು ಹೋದಳು. ಗುಡುಗಿತು, ದೇವರ ದೀಪ ಆರಿತು, ಅವಳು ಸತ್ತಳು. ನಾನು ಜೋರಾಗಿ ಅತ್ತೆ. ಪಕ್ಕದಲ್ಲಿ ಕುಳಿತಿದ್ದ ಹಲಗೇರಿಯ ಹೆಂಗಸು ತನ್ನ ಸೆರಗಿನಿಂದ ನನ್ನ ಕಣ್ಣೊರೆಸಿ, "ಸಿನಿಮಾ ಐತಿ ಬಿಡವಾ, ಖರೇ ಅಲ್ಲ" ಎಂದಳು. ಕಾಲಡಿ ಬಿಟ್ಟಿದ್ದ ಚಪ್ಪಲಿ ಕತ್ತಲಲ್ಲಿ ಸಿಗಲಿಲ್ಲ. ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದೆ.

ವೈನಿ ಮಂಚದ ಮೇಲೆ ಕುಳಿತು ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದಳು. ಮುಖ ಬಿಳಿಚಿತ್ತು, ಅಷ್ಟೇ.

"ಬಂದ್ಯಾ? ಕಥಿ ಏನಾತು?"

ಆ ಮುಖ ನೋಡಿಕೊಂಡು ಹೇಗೆ ಹೇಳಲಿ? "ಅಕಿಗೂ ನಿನ್ನಂಗ ಆಗಿತ್ತು, ವೈನಿ. ದವಾಖಾನಿಗೆ ಹೋದ್ಲು. ಮನೀಗೆ ಬಂದು ಬಿಸಿ ಅನ್ನ ಉಂಡು ಮಲಗಿದ್ಲು" ಎಂದೆ.

"ಯಾರೂ ಬೈಲಿಲ್ಲೇನು?"

"ಇಲ್ಲ."

ಆವತ್ತು ಅಲ್ಲಿಯವರೆಗೆ ಅಳದಿದ್ದ ವೈನಿ ಆಗ ಅತ್ತಳು. ಸಂಜೆ ಮನೆಯಲ್ಲಿ ಅವ್ವ ಕೇಳಿದಾಗ ಬೇರೆ ಕಥೆ ಕಟ್ಟುವಷ್ಟು ಜಾಣತನ ನನಗಿರಲಿಲ್ಲ, ಅದನ್ನೇ ಹೇಳಿದೆ. ತೊಟ್ಟು ಬಿಡಿಸುತ್ತಿದ್ದ ಅವ್ವನ ಕೈ ತುಸು ನಿಂತಿತು. "ಹಿಂತಾ ಸಿನಿಮಾನೂ ಬರ್ತಾವೇನು?" ಎಂದು ಮತ್ತೊಂದು ಕಾಯಿ ಎತ್ತಿಕೊಂಡಳು.

ಅಂದಿನಿಂದ ವೈನಿ ಆಗಾಗ, "ನೀ ಹೇಳಿದ ಕಥಿ ಚಲೋ ಇತ್ತು ನೋಡು" ಎನ್ನುತ್ತಿದ್ದಳು. ಪ್ರತಿ ಸಲವೂ ನಾನು ಮಾತು ಬದಲಿಸುತ್ತಿದ್ದೆ. ಪಾಪ, ಈ ಒಂದು ಸುಳ್ಳಿನ ಆಧಾರದ ಮೇಲೆ ಇವಳು ನೆಮ್ಮದಿಯಾಗಿದ್ದಾಳಲ್ಲ ಎಂದು ಸಂಕಟವಾಗುತ್ತಿತ್ತು.

ನಿನ್ನೆ ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ನಾನು ಬ್ಯಾಡಗಿ ಮುಟ್ಟುವಷ್ಟರಲ್ಲಿ ಸಿನಿಮಾ ಅರ್ಧ ಆಗಿತ್ತು. ವೈನಿ ನನಗೆ ಜಾಗ ಮಾಡಿಕೊಟ್ಟಳು. ನಾಯಕಿ ಆಸ್ಪತ್ರೆಯ ಬಾಗಿಲಿಗೆ ಬಂದಳು. ಇನ್ನು ತಡೆಯಲಾಗಲಿಲ್ಲ.

"ವೈನಿ, ಬಂದ್ ಮಾಡು. ಅಕಿ ಸಾಯ್ತಾಳ. ನಾ ಆವತ್ತು ಸುಳ್ಳ ಹೇಳಿದ್ದೆ."

"ಗೊತ್ತೈತಿ" ಎಂದಳು ವೈನಿ, ಟೀವಿಯಿಂದ ಕಣ್ಣು ತೆಗೆಯದೆ. "ಅದರ ಮುಂದಿನ ವಾರನ ಅತ್ತ್ಯಾರು ಓಣಿಯವರ ಜೋಡಿ ಹೋಗಿ ಈ ಸಿನಿಮಾ ನೋಡಿ ಬಂದ್ರು."

ನಾನು ಟೀವಿ ಬಿಟ್ಟು ಅವಳ ಕಡೆ ತಿರುಗಿದೆ. ಅವ್ವ ತೀರಿಕೊಂಡು ಎಂಟು ವರ್ಷ. ಒಂದು ದಿನವೂ ಈ ವಿಷಯ ಬಾಯಿ ಬಿಟ್ಟವಳಲ್ಲ.

"ಬಂದವ್ರು ಸೀದಾ ಅಡಗಿಮನಿಗೆ ಬಂದ್ರು. ನಾ ಸೌಟು ಬಿಟ್ಟು ಎದ್ದು ನಿಂತೆ. 'ಸಿನಿಮಾದಾಗ ಅಕಿನ್ನ ಸಾಯಿಸ್ಯಾರ' ಅಂದ್ರು. 'ನಮ್ಮ ಹುಡುಗಿ ಹೇಳಿದ್ದ ಬರೋಬ್ಬರಿ ಐತಿ. ಕುಂದ್ರು, ಉಣ್ಣು' ಅಂತ ತಾವ ಬಡಿಸಿ, ಅನ್ನದ ಮ್ಯಾಲೆ ತುಪ್ಪ ಹಾಕಿದ್ರು. ನನಗ ಸಾಕಾಗೂತನಕ ಎದುರಿಗೆ ಕುಂತಿದ್ರು."

ನನಗೆ ಅಳು ಬಂತು. ಕಿವಿ ಹಿಂಡುವುದನ್ನಷ್ಟೇ ಬಲ್ಲವಳೆಂದು ಅವ್ವನನ್ನು ಇಷ್ಟು ವರ್ಷ ತಪ್ಪು ತಿಳಿದಿದ್ದೆ. ಪರದೆಯ ಮೇಲೆ ಗುಡುಗು ಶುರುವಾಯಿತು. ವೈನಿ ರಿಮೋಟು ಒತ್ತಿ ಧ್ವನಿ ಬಂದ್ ಮಾಡಿದಳು.

"ಈಗ ನೀ ಹೇಳು" ಎಂದಳು.

"ಅಕಿ ದವಾಖಾನಿಗೆ ಹೋದ್ಲು" ಎಂದೆ. "ಮನೀಗೆ ಬಂದ್ಲು. ಅತ್ತಿ ಬಿಸಿ ಅನ್ನ ಬಡಿಸಿ ತುಪ್ಪ ಹಾಕಿದ್ರು."

"ಅತ್ತಿ ಮೊದಲಿನ ಕಥ್ಯಾಗ ಇದ್ದಿಲ್ಲ."

"ಈಗ ಅದಾರ" ಎಂದೆ. ವೈನಿ ನನ್ನ ಕೈ ಹಿಡಿದುಕೊಂಡಳು.