ತಣ್ಣಗಿನ ಇಂಜಿನ್ನಿನ ಮೇಲೊಂದು ಅಂಗೈ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸಾಲುಮನೆಗಳ ಬೀದಿಯ ಕೊನೆಯಲ್ಲಿ ನೀಲಿ ಬಣ್ಣದ ಪುಟ್ಟ ಕಾರೊಂದು ನಿಂತಿದೆ. ಅದರ ಗಾಜಿನ ಮೇಲೆಲ್ಲ ಇಬ್ಬನಿ. ಬೂದುಬಣ್ಣದ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಬಸ್ಸಿಳಿದು ನಡೆದು ಬರುತ್ತಾರೆ. ಮನೆಯ ಕರೆಗಂಟೆ ಒತ್ತುವ ಮೊದಲು ಕಾರಿನ ಬಾನೆಟ್ಟಿನ ಮೇಲೆ ಬಲ ಅಂಗೈ ಊರಿ, ಕಣ್ಣು ಮುಚ್ಚಿ, ಒಂದೆರಡು ಉಸಿರು ಹಾಗೇ ನಿಲ್ಲುತ್ತಾರೆ.

"ಗಾಡಿ ರಾತ್ರಿಯೆಲ್ಲ ನಿದ್ದೆ ಮಾಡಿದೆ," ಎನ್ನುತ್ತಾರೆ ತಮ್ಮಷ್ಟಕ್ಕೆ. "ಯಾರೂ ಎಬ್ಬಿಸಿಲ್ಲ. ಇನ್ನು ಬೆಲ್ ಮಾಡ್ಬಹುದು."

ಹಳೆಯ ಕಾರು ಕೊಳ್ಳುವವರ ನಡುವೆ ಇವರಿಗೆ 'ಅಂಗೈ ಅಕ್ಕ' ಎಂದೇ ಹೆಸರು. ಕೊಳ್ಳುವವರ ಪರವಾಗಿ ಕಾರನ್ನು ನೋಡಿ, ತೆಗೆದುಕೋ ಅಥವಾ ಬಿಡು ಎಂದು ಹೇಳುವುದು ಇವರ ಕೆಲಸ. ಈ ಕೆಲಸಕ್ಕೆ ಬೋರ್ಡಿಲ್ಲ, ಅಂಗಡಿಯಿಲ್ಲ. ಒಂದು ಟಾರ್ಚು, ಒಂದು ಹಳೇ ಚಾಪೆ, ಸ್ವಲ್ಪ ಬಿಳಿ ಬಟ್ಟೆ, ಇಷ್ಟೇ ಸಲಕರಣೆ. ಬೆಳಗಿನ ಜಾವ ಬಿಟ್ಟು ಬೇರೆ ಹೊತ್ತಿನಲ್ಲಿ ಎಷ್ಟು ಕರೆದರೂ ಬರುವುದಿಲ್ಲ.

"ಬಿಸಿಯಾದ ಇಂಜಿನ್ನು ನೆಂಟರ ಮುಂದೆ ಕೂತ ಮಗು ಇದ್ದಂಗೆ. ಒಳ್ಳೇದಾಗೇ ಇರುತ್ತೆ," ಎಂದು ಅಕ್ಕ ನಗುತ್ತಾರೆ. "ಎದ್ದ ತಕ್ಷಣ ಹೇಗಿರುತ್ತೆ ಅನ್ನೋದು ಹೆತ್ತೋರಿಗೆ ಮಾತ್ರ ಗೊತ್ತು. ನಾನು ಆ ಹೊತ್ತಿಗೇ ಹೋಗಿ ನೋಡ್ತೀನಿ."

ಇಂದು ಅಕ್ಕನನ್ನು ಕರೆಸಿರುವವರು ಒಬ್ಬ ಹೆರಿಗೆ ನರ್ಸ್. ಊರಿನ ಹಿಂದಿರುವ ಬೆಟ್ಟದ ಮೇಲಿನ ಮನೆಗಳಲ್ಲಿ ಬಸುರಿಯರನ್ನು ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಕಳೆದ ಚಳಿಗಾಲದಲ್ಲಿ ಹಿಮ ಕಟ್ಟಿದ ತಿರುವಿನಲ್ಲಿ ಅವರ ಕಾರು ಜಾರಿ ತಡೆಗೋಡೆಗೆ ಒರಗಿ ನಿಂತಿತು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಕಾರು ಇಲ್ಲದಿದ್ದರೆ ಈ ಸಲ ಬೆಟ್ಟದ ಸುತ್ತು ಬೇಡವೆಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದಾರೆ. ಸುತ್ತು ನಿಂತರೆ ಮೇಲಿನ ಬಸುರಿಯರು ತಿಂಗಳು ತುಂಬುವ ಮೊದಲೇ ಮನೆ ಬಿಟ್ಟು ಕೆಳಗೆ ಬಂದು ಕಾಯಬೇಕು. ವಾರದ ಕೊನೆಯಲ್ಲಿ ಹಿಮ ಬೀಳಬಹುದೆಂದು ಹವಾಮಾನದವರು ಹೇಳುತ್ತಿದ್ದಾರೆ.

ಜೀಪಿನಂಥ ದೊಡ್ಡ ಗಾಡಿ ಬೆಟ್ಟದ ಓಣಿಗಳಲ್ಲಿ ತಿರುಗುವುದಿಲ್ಲ. ಹಾಗಾಗಿ ನರ್ಸ್ ಹುಡುಕುತ್ತಿರುವುದು ಪುಟ್ಟ ಹ್ಯಾಚ್‌ಬ್ಯಾಕ್ ಒಂದನ್ನು. ನೋಡಲು ಮಕ್ಕಳನ್ನು ಶಾಲೆಗೆ ಬಿಡುವ ಕಾರಿನಂತೆಯೇ ಇರುತ್ತದೆ, ಆದರೆ ಒಳಗೆ ಹೆಚ್ಚು ಬಲದ ಟರ್ಬೊ ಇಂಜಿನ್ನು, ನಾಲ್ಕೂ ಚಕ್ರಗಳ ಎಳೆತ. ಓಟದ ಹುಚ್ಚಿರುವವರು ಹೆಚ್ಚಾಗಿ ಕೊಳ್ಳುವ ಜಾತಿಯದು.

"ಹೆರಿಗೆ ಮಾಡಿಸೋಳಿಗೆ ರೇಸು ಕಾರು ಯಾಕೆ ಅಂತ ನನ್ ತಮ್ಮ ಆಡ್ಕೊಳ್ತಾನೆ ಅಕ್ಕ," ಎನ್ನುತ್ತಾರೆ ಕಾರಿನ ಪಕ್ಕ ಬಂದು ನಿಂತ ನರ್ಸ್.

"ಮಕ್ಕಳು ಕಾಯಲ್ಲ ಅಂತ ಹೇಳು," ಎಂದು ಅಕ್ಕ ಚಾಪೆ ಹಾಸಿ ಕಾರಿನಡಿಗೆ ತೂರುತ್ತಾರೆ.

ಇಂಥ ಮೂರು ಕಾರುಗಳನ್ನು ಅಕ್ಕ ಈಗಾಗಲೇ ಬೇಡ ಎಂದಿದ್ದಾರೆ. ಮೊದಲನೆಯದರ ಬಾನೆಟ್ಟು ಇವರು ಹೋಗುವಷ್ಟರಲ್ಲಿ ಬೆಚ್ಚಗಿತ್ತು. ಅಂಗೈ ಇಟ್ಟವರೇ ಹಿಂದಿರುಗಿದರು. ಎರಡನೆಯದರ ಕಾರ್ಪೆಟ್ ಎತ್ತಿದರೆ ಓಟದ ಸೀಟು ಕೂರಿಸಲು ಕೊರೆದ ತೂತುಗಳಿದ್ದವು, ತೂತಿನೊಳಗೆ ಓಟದ ಹಾದಿಯ ಮರಳು. ಮೂರನೆಯದು ಸದ್ದಿಲ್ಲದೆ ಶುರುವಾಯಿತು, ಆದರೆ ಹಿಂದಿನಿಂದ ಬಂದ, ಎಣ್ಣೆ ಸುಡುವ ನೀಲಿ ಹೊಗೆ ಅಕ್ಕನ ಕಣ್ಣಿಗೆ ಬಿತ್ತು. "ಇಂಥಾ ಕಾರನ್ನ ಕೆಲವರು ಓಡಿಸ್ತಾರೆ, ಕೆಲವರು ಹಿಂಡ್ತಾರೆ. ಹಿಂಡಿದ್ದನ್ನ ತಗೊಂಡ್ರೆ ಸಿಗೋದು ಸಿಪ್ಪೆ," ಎನ್ನುವುದು ಅವರ ಲೆಕ್ಕ.

ಈ ವಿದ್ಯೆ ಅಕ್ಕನಿಗೆ ಬಂದದ್ದು ಬಕೆಟ್ಟಿನಿಂದ. ಮದುವೆಯಾಗಿ ಬಂದ ಮನೆಯಲ್ಲಿ ಮಾವನ ಗೇರ್‌ಬಾಕ್ಸ್ ರಿಪೇರಿ ಶೆಡ್ಡಿತ್ತು. ಕೆಟ್ಟು ಬಂದ ಗೇರುಗಳನ್ನು ಸೀಮೆಎಣ್ಣೆಯ ಬಕೆಟ್ಟಿನಲ್ಲಿ ತೊಳೆಯುವ ಕೆಲಸ ಹೊಸ ಸೊಸೆಯ ಪಾಲಿಗೆ ಬಂತು. ಒಂದೊಂದು ಹಲ್ಲನ್ನೂ ಉಜ್ಜುವಾಗ, ಇದು ಯಾಕೆ ಸತ್ತಿತು ಎಂದು ಮಾವ ಕೇಳುತ್ತಿದ್ದರು. ಉತ್ತರ ತಪ್ಪಾದರೆ ಮತ್ತೆ ತೊಳೆಸುತ್ತಿದ್ದರು. "ನಮ್ಮತ್ತೆ ಸಾರಿಗೆ ಉಪ್ಪು ಕಮ್ಮಿ ಅಂತ ಬೈತಿದ್ರು, ಮಾವ ಹಲ್ಲು ತೊಳೆದಿಲ್ಲ ಅಂತ ಬೈತಿದ್ರು. ಗೇರಿನ ಹಲ್ಲು," ಎಂದು ಅಕ್ಕ ಒತ್ತಿ ಹೇಳುತ್ತಾರೆ. ಸತ್ತವುಗಳನ್ನು ತೊಳೆದು ತೊಳೆದೇ ಬದುಕಿರುವವುಗಳ ಕಾಯಿಲೆ ತಿಳಿಯಿತಂತೆ.

ಮಾವ ಹೋದರು, ಶೆಡ್ಡಿದ್ದ ಜಾಗದಲ್ಲಿ ಈಗ ಔಷಧಿ ಅಂಗಡಿಯಿದೆ. ಗಂಡ ಬಸ್ ಓಡಿಸುತ್ತಾರೆ. ಅಷ್ಟು ವರ್ಷ ಸೀಮೆಎಣ್ಣೆಯಲ್ಲಿದ್ದ ಕೈಗಳ ಚರ್ಮ ಚಳಿ ಬಂತೆಂದರೆ ಬಿರಿಯುತ್ತದೆ. ರಾತ್ರಿ ಮುಲಾಮು ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗುತ್ತಾರೆ. ಕೈಗವಸು ಹಾಕಿಕೊಳ್ಳಿ ಎಂದು ವೈದ್ಯರು ಗದರಿದ್ದಾರೆ. ಕೆಲಸ ಮಾಡುವಾಗ ಮಾತ್ರ ಅಕ್ಕ ಅದನ್ನು ಜೇಬಿಗೆ ಸೇರಿಸುತ್ತಾರೆ. ಹೆಂಗಸರಿಗೆ ಕಾರಿನ ಹೊಟ್ಟೆಯೊಳಗಿನದೇನು ಗೊತ್ತು ಎಂದು ಕೊಂಕು ನುಡಿದವರಿಗೆ ಲೆಕ್ಕವಿಲ್ಲ. ಅಕ್ಕ ಜಗಳಕ್ಕೆ ನಿಲ್ಲುವುದಿಲ್ಲ. ಅಂಗೈಗೆ ಎಲ್ಲವೂ ತಿಳಿಯುತ್ತದೆ ಎಂದು ಯಾರಾದರೂ ಹೊಗಳಿದರೆ ಅದನ್ನೂ ಒಪ್ಪುವುದಿಲ್ಲ. "ಕೈಗೆ ಬಿಸಿ-ತಣ್ಣಗೆ, ನಡುಕ ಗೊತ್ತಾಗುತ್ತೆ. ಮಿಕ್ಕಿದ್ದಕ್ಕೆ ಬಗ್ಗಿ ನೋಡ್ಬೇಕು."

ನೀಲಿ ಕಾರಿನ ಒಡೆಯ ಕನ್ನಡಕದ ಅಂಗಡಿಯ ಯುವಕ. ಹೆಂಡತಿಗೆ ಅವಳಿ ಮಕ್ಕಳಾಗುವುದರಲ್ಲಿವೆ, ದೊಡ್ಡ ಕಾರು ಬೇಕಾಗಿದೆ. ಮಾರಲು ಮನಸ್ಸಿಲ್ಲದೆ ಮಾರುತ್ತಿದ್ದಾನೆ ಎನ್ನುವುದು ಅವನು ಕೀಲಿ ಕೊಡುವ ರೀತಿಯಲ್ಲೇ ಕಾಣುತ್ತದೆ. ಇಂಜಿನ್ನು ಒಂದೇ ತಿರುವಿಗೆ ಎದ್ದು ಕೂರುತ್ತದೆ. ಹೊಗೆಯಿಲ್ಲ. ಅಕ್ಕ ಬಾಗಿಲಿಗೆ ಕಿವಿ ಕೊಡುತ್ತಾರೆ, ಗೇರಿನ ಗುಬುಟಿನ ಮೇಲೆ ಬೆರಳಿಡುತ್ತಾರೆ. ನರ್ಸನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮೊಣಕಾಲು ತಾಗುತ್ತದೆಯೇ ಎಂದು ಕೇಳುತ್ತಾರೆ. ಹೆರಿಗೆಯ ದೊಡ್ಡ ಚೀಲವನ್ನು ಡಿಕ್ಕಿಯಲ್ಲಿ ಇಡಿಸುತ್ತಾರೆ. ಬೀದಿಯ ಉಬ್ಬಿನ ಮೇಲೆ ನಿಧಾನವಾಗಿ ಹತ್ತಿಸಿ ಇಳಿಸುತ್ತಾರೆ.

"ಸೊಂಟಕ್ಕೆ ಹೇಗನ್ಸುತ್ತೆ? ಸ್ವಲ್ಪ ಗಟ್ಟಿ ಕಾರಿದು. ಭಾನುವಾರ ಖುಷಿಗೆ ಓಡಿಸೋರು ಇದನ್ನ ಹೇಳಲ್ಲ. ನೀನು ದಿನಾ ಇದರ ಜೊತೆ ಸಂಸಾರ ಮಾಡ್ಬೇಕು."

"ನಮ್ಮೆಜಮಾನ್ರಿಗಿಂತ ಮೆತ್ತಗಿದೆ ಬಿಡಿ ಅಕ್ಕ," ಎನ್ನುವ ನರ್ಸಿನ ಮುಖದಲ್ಲಿ ಈ ವಾರದ ಮೊದಲ ನಗು.

ಉಳಿದಿರುವುದು ಕೊನೆಯ ಪರೀಕ್ಷೆ. ಬೀದಿಯ ಆಚೆಗಿನ ಖಾಲಿ ಮೈದಾನದಲ್ಲಿ ಅಕ್ಕ ಸ್ಟೇರಿಂಗನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ, ಮನುಷ್ಯ ನಡೆಯುವಷ್ಟು ಮೆಲ್ಲಗೆ ವೃತ್ತ ಹಾಕುತ್ತಾರೆ. ನಾಲ್ಕು ಚಕ್ರಗಳೂ ಎಳೆಯುವ ಕಾರಿನ ಗುಟ್ಟು ರಟ್ಟಾಗುವುದು ವೇಗದಲ್ಲಲ್ಲ, ಈ ನಿಧಾನದಲ್ಲಿ. ಅರ್ಧ ವೃತ್ತ ಸರಾಗ. ಆಮೇಲೆ ಕಾರು ತಡವರಿಸುತ್ತದೆ. ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದಂತೆ ಮುಗ್ಗರಿಸಿ, ಕುಪ್ಪಳಿಸಿ, ಮತ್ತೆ ಹೊರಡುತ್ತದೆ.

ಅಕ್ಕ ಇಂಜಿನ್ನು ಆರಿಸುತ್ತಾರೆ. ನರ್ಸ್ ಬೆಟ್ಟದ ಕಡೆ ನೋಡುತ್ತಾ, "ಮೇಲಿನ ಮನೆಯ ಬಸುರಿಗೆ ಇವತ್ತೇ ಹೇಳ್ಬೇಕು, ಗಂಟು ಕಟ್ಕೊಂಡು ಇಳಿದು ಬಾ ಅಂತ," ಎಂದಷ್ಟೇ ಹೇಳುತ್ತಾರೆ.

"ನನ್ನ ಕೈಲಿದ್ದಾಗ ಹೀಗೆ ಮಾಡಿಲ್ಲ ಅಕ್ಕ, ನಮ್ಮಮ್ಮನಾಣೆ," ಎನ್ನುತ್ತಾ ಯುವಕ ಕಾರಿನ ಕಿಟಕಿಗೆ ಬರುತ್ತಾನೆ. "ಮಾರೋದು ಅಂತ ಆದ್ಮೇಲೆ ಮುಂದಕ್ಕೆ ಎರಡು ಹೊಸ ಟೈರ್ ಬೇರೆ ಹಾಕ್ಸಿದೀನಿ."

ಅಕ್ಕ ತಟ್ಟನೆ ತಿರುಗುತ್ತಾರೆ. "ಎರಡೇನಾ? ಹಿಂದಿನವು?"

"ಹಿಂದಿನವು ಹಳೇವೇ. ಫೋಟೋದಲ್ಲಿ ಮುಂದಿನವೇ ತಾನೇ ಕಾಣೋದು."

ಅಕ್ಕ ಹಣೆ ಚಚ್ಚಿಕೊಂಡು ನಕ್ಕುಬಿಡುತ್ತಾರೆ. "ನಾಲ್ಕು ಜನ ಒಂದು ಮಂಚ ಹೊತ್ಕೊಂಡು ಹೋಗ್ತಿದಾರೆ ಅಂತಿಟ್ಕೊ ತಮ್ಮ. ಮುಂದಿನಿಬ್ರು ಉದ್ದ ಹೆಜ್ಜೆ, ಹಿಂದಿನಿಬ್ರು ಗಿಡ್ಡ ಹೆಜ್ಜೆ. ಏನಾಗುತ್ತೆ? ಮಂಚದ ಕೀಲು ಬಿಡುತ್ತೆ. ಹೊಸ ಟೈರು ದಪ್ಪ, ಸವೆದದ್ದು ತೆಳು. ಬೇರೆ ಕಾರಿಗೆ ನಡೆಯುತ್ತೆ, ಇದಕ್ಕೆ ನಡೆಯಲ್ಲ. ಒಳ್ಳೇದು ಮಾಡೋಕೆ ಹೋಗಿ ಅದರ ಕಾಲಿಗೇ ಕಲ್ಲು ಕಟ್ಟಿದೀಯ." ನಗು ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ಚಕ್ರಗಳಿಗೆ ಬಲ ಹಂಚುವ ಕೀಲು ಈಗಾಗಲೇ ಸವೆದಿದೆಯೋ, ಬರೀ ಒದ್ದಾಡುತ್ತಿದೆಯೋ, ನೋಡದೆ ಹೇಳುವಂತಿಲ್ಲ. "ಬಿಚ್ಚಿದ ಟೈರು ಎಸೆದ್ಯಾ?"

ಎಸೆದಿಲ್ಲ. ಒಂದು ಹಿತ್ತಿಲ ಗೋಡೆಗೆ ಒರಗಿದೆ. ಇನ್ನೊಂದರೊಳಗೆ ಗೋಣಿ ಹಾಸಿ ಮನೆಯ ನಾಯಿ ಮಲಗಿದೆ. ನಾಯಿಯನ್ನು ಎಬ್ಬಿಸುವುದೇ ದೊಡ್ಡ ಪ್ರಯಾಸವಾಗುತ್ತದೆ. ಬೀದಿ ತುದಿಯ ಪಂಕ್ಚರ್ ಅಂಗಡಿಯವನು ಹಲ್ಲುಜ್ಜುತ್ತಾ ಹೊರಗೆ ಬಂದಾಗ ಕಾಣುವ ಮೆರವಣಿಗೆ ಹೀಗಿದೆ: ಮುಂದೆ ಅಕ್ಕ ಓಡಿಸುವ ಕಾರು, ಹಿಂದೆ ಒಂದು ಟೈರು ಉರುಳಿಸುವ ಯುವಕ, ಅವನ ಹಿಂದೆ ಸಮವಸ್ತ್ರದಲ್ಲೇ ಇನ್ನೊಂದು ಟೈರು ಉರುಳಿಸುತ್ತಿರುವ ನರ್ಸ್, ಕಟ್ಟಕಡೆಗೆ ತನ್ನ ಹಾಸಿಗೆಯ ಬೆನ್ನು ಹತ್ತಿದ ನಾಯಿ.

"ಯಾರ್ ಮನೆ ಹೆರಿಗೆ ಇದು?" ಎನ್ನುತ್ತಾನೆ ಅಂಗಡಿಯವನು.

"ಇನ್ನೂ ಗೊತ್ತಾಗ್ಬೇಕು. ನೀನು ಬಾಯಿ ತೊಳ್ಕೊಂಡು ಬಾ," ಎನ್ನುತ್ತಾರೆ ಅಕ್ಕ.

ಹಳೆಯ ಟೈರುಗಳು ಗಾಲಿಗೇರುವಷ್ಟರಲ್ಲಿ ಅಕ್ಕ ಕಾರಿನಡಿಗೆ ಹೋಗುತ್ತಾರೆ. ಹಿಂದಿನ ಗೇರಿನ ಡಬ್ಬಿಯ ಬಿರಡೆ ಸಡಿಲಿಸಿ ತುಸು ಎಣ್ಣೆಯನ್ನು ಬಿಳಿ ಬಟ್ಟೆಗೆ ಇಳಿಸಿಕೊಳ್ಳುತ್ತಾರೆ. ಮೂಸುತ್ತಾರೆ. ಬಿರಿದ ಹೆಬ್ಬೆರಳು, ತೋರುಬೆರಳಿನ ನಡುವೆ ಅದನ್ನು ಉಜ್ಜುವಾಗ ಆ ಮುಖವನ್ನು ನೋಡಬೇಕು. ಕಾರು, ಬೀದಿ, ಸುತ್ತ ನಿಂತವರು ಯಾರೂ ಇಲ್ಲವೆಂಬಂತೆ ಆ ಹೆಂಗಸು ಎರಡು ಬೆರಳ ತುದಿಯಲ್ಲಿ ಹೋಗಿ ಕುಳಿತಿದ್ದಾರೆ. ಸಾಸಿವೆಗಿಂತ ಸಣ್ಣ ಲೋಹದ ಚೂರು ಸಿಕ್ಕರೂ ಕಥೆ ಮುಗಿಯಿತು. ನರ್ಸ್ ಚಾಪೆಯ ಪಕ್ಕ ಮೊಣಕಾಲೂರಿ ಬಗ್ಗಿದ್ದಾರೆ. ಪಂಕ್ಚರ್ ಅಂಗಡಿಯವನೂ ಸ್ಪ್ಯಾನರ್ ಹಿಡಿದ ಕೈ ನಿಲ್ಲಿಸಿದ್ದಾನೆ.

"ಬೆಣ್ಣೆ ಇದ್ದಂಗಿದೆ," ಎನ್ನುತ್ತಾರೆ ಅಕ್ಕ ಕೊನೆಗೆ. "ಸುಟ್ಟ ವಾಸನೇನೂ ಇಲ್ಲ. ಹಾಕ್ಸಿದ್ಮೇಲೆ ಜಾಸ್ತಿ ಓಡಿಸಿಲ್ಲ ಅಲ್ವಾ?"

"ಟೈರು ಕೊಳೆಯಾಗುತ್ತೆ ಅಂತ ಹೊರಗೇ ತೆಗೆದಿಲ್ಲ ಅಕ್ಕ."

ಮತ್ತೆ ಮೈದಾನ. ಮತ್ತೆ ಅದೇ ಮೆಲ್ಲನೆಯ ವೃತ್ತ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಕಾರು ಎಲ್ಲೂ ತಡವರಿಸುವುದಿಲ್ಲ. ಎಣ್ಣೆ ಹಾಕಿದ ಬಾಗಿಲಿನಂತೆ ತಿರುಗುತ್ತದೆ. ಇಂಜಿನ್ನು ಪೂರ್ತಿ ಬಿಸಿಯಾದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿದ ಬಳಿಕವೇ ಅಕ್ಕ ಕೆಳಗಿಳಿಯುತ್ತಾರೆ. ಚಳಿಗಾಲಕ್ಕೆ ಹೊಂದುವ, ಒಂದೇ ಬಗೆಯ ನಾಲ್ಕು ಟೈರು ಹಾಕಿಸಿಕೊಡಬೇಕು ಎಂದು ಯುವಕನಿಗೆ ಹೇಳುತ್ತಾರೆ. ಒಂದು ಕೆಟ್ಟರೂ ನಾಲ್ಕನ್ನೂ ಒಟ್ಟಿಗೇ ನೋಡಬೇಕು ಎಂದು ನರ್ಸಿಗೆ ಹೇಳುತ್ತಾರೆ. ಆಮೇಲೆ ಎರಡೇ ಮಾತು: "ತಗೋ ತಂಗಿ."

ನರ್ಸ್ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಾರೆ. ಯುವಕ ಕಾರಿನ ಬೆನ್ನು ಸವರಿ ಬೇರೆ ಕಡೆ ನೋಡುತ್ತಾನೆ. ನಾಲ್ಕು ಹಳೆಯ ಟೈರು ಕಳಚುವುದರಿಂದ ನಾಯಿಗೆ ನಾಲ್ಕು ಹಾಸಿಗೆಗಳಾಗುವುದು ಖಾತ್ರಿಯಾಗಿದೆ.

ಇಷ್ಟು ಕಾರುಗಳನ್ನು ಆರಿಸಿಕೊಟ್ಟ ಅಕ್ಕನಿಗೆ ಸ್ವಂತ ಕಾರಿಲ್ಲ. ಗಂಡನ ಬಸ್ಸಿನ ಮುಂದಿನ ಸೀಟೇ ಅವರ ವಾಹನ. "ಅಲ್ಲೂ ಸುಮ್ನಿರಲ್ಲ. ಮೂರನೇ ಗೇರು ಅಳ್ತಿದೆ ಅಂತಾಳೆ. ಮನೇಲಿ ಮಿಕ್ಸಿ ತಿರುಗಿದ್ರೂ ಬೇರಿಂಗ್ ಹೋಗಿದೆ ಅಂತಾಳೆ," ಎಂದು ಗಂಡ ದೂರುತ್ತಾರೆ. ಅಕ್ಕ ಅದನ್ನು ಅಲ್ಲಗಳೆಯುವುದಿಲ್ಲ. "ನನಗಿರೋದು ಒಂದೇ ಆಸೆ. ಯಾವ್ದಾದ್ರೂ ಕಾರಲ್ಲಿ ಹಿಂದೆ ಕೂತು, ಏನೂ ಕೇಳಿಸ್ಕೊಳ್ದೆ ಸುಮ್ನೆ ಹೋಗ್ಬೇಕು. ಅಷ್ಟು ನಂಬಿಕೆ ಹುಟ್ಟಿಸಿದ ಗಾಡಿ ಇನ್ನೂ ಸಿಕ್ಕಿಲ್ಲ."

ವಾರದ ಕೊನೆಗೆ ಹವಾಮಾನದವರ ಮಾತು ನಿಜವಾಗುತ್ತದೆ. ಬೆಟ್ಟದ ರಸ್ತೆ ಬೆಳ್ಳಗೆ, ಗಾಜಿನಂತೆ ಹೊಳೆಯುತ್ತಿದೆ. ಮೇಲಿನ ಮನೆಯಿಂದ ಕರೆ ಬಂದಿದೆ. ನರ್ಸ್ ಹೊರಡುವ ಮೊದಲು ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿ, ಬನ್ನಿ ಅಕ್ಕ, ನೀವೇ ಆರಿಸಿದ್ದು ಹೇಗೆ ಹತ್ತುತ್ತೆ ನೋಡಿ ಎಂದು ಕರೆದೊಯ್ಯುತ್ತಾರೆ. ಮೊದಲ ತಿರುವು, ಎರಡನೆಯದು. ಕಳೆದ ಸಲ ಜಾರಿದ ಜಾಗ ಬರುತ್ತದೆ. ತಡೆಗೋಡೆಯ ಮೇಲೆ ಹಳೆಯ ಗೀರು ಇನ್ನೂ ಇದೆ. ನರ್ಸ್ ಗೇರು ಇಳಿಸುತ್ತಾರೆ. ನಾಲ್ಕು ಚಕ್ರಗಳು ಒಂದೇ ಹೆಜ್ಜೆಯಲ್ಲಿ ನೆಲ ಕಚ್ಚಿ ಹತ್ತುತ್ತವೆ.

ಮೇಲಿನ ಮನೆಯ ಕಿಟಕಿಯಲ್ಲಿ ದೀಪವಿದೆ, ಬಾಗಿಲಲ್ಲಿ ಯಾರೋ ಕಾಯುತ್ತಿದ್ದಾರೆ. ನರ್ಸ್ ಚೀಲ ಎತ್ತಿಕೊಂಡು ಹಿಂದಿನ ಸೀಟಿನತ್ತ ಬಗ್ಗುತ್ತಾರೆ.

"ಅಕ್ಕ, ಬಂದ್ವಿ. ಹೇಗಿತ್ತು ಕಾರು?"

ಅಕ್ಕ ಕಣ್ಣುಜ್ಜಿಕೊಂಡು ಸುತ್ತಲೂ ನೋಡುತ್ತಾರೆ. ಬಿರಿದ ಅಂಗೈಗಳೆರಡೂ ಕೈಗವಸಿನೊಳಗೆ ಬೆಚ್ಚಗಿವೆ.

"ಗೊತ್ತಾಗ್ಲಿಲ್ಲ ಕಣಮ್ಮ. ನಿದ್ದೆ ಬಂದ್ಬಿಡ್ತು."